ಸಿಂತ್ರಾದಲ್ಲಿ ಎರಡೇ ಅರಮನೆ

ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಇರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು ಎರಡನೇ ವಾರಕ್ಕೆಲ್ಲ ಚಡಪಡಿಸತೊಡಗುತ್ತಾರೆ. ಪ್ಯಾರಿಸ್ ಆಯಿತು, ಸ್ವಿಸ್ ಆಯಿತು, ಇನ್ನೆಲ್ಲಿಗೆ ಹೋಗೋಣ? ಕೇಳಿದವರಿಗೆಲ್ಲ ನಾನು ಹೇಳುವುದು ಲಿಸ್ಬನ್. ಷೆಂಗೆನ್ ವೀಸಾ ಹೇಗೂ ಕೈಯಲ್ಲಿರುತ್ತದೆ, ವಿಮಾನ ಮೂರು ಗಂಟೆಯ ಆಸುಪಾಸು, ಮೂರು ರಾತ್ರಿ ಉಳಿದರೆ ಸಾಕು. ಅದರಲ್ಲಿ ಒಂದಿಡೀ ದಿನವನ್ನು ಪಕ್ಕದ ಸಿಂತ್ರಾ ಬೆಟ್ಟದ ಅರಮನೆಗಳಿಗೆಂದು ಎತ್ತಿಡಬೇಕು. (ಬೆಂಗಳೂರಿನಿಂದ ಇದಕ್ಕೆಂದೇ ಹಾರುವವರಿಗೆ ನನ್ನ ಬೆಂಬಲವಿಲ್ಲ. ಪ್ರಯಾಣದ ದಣಿವು ಇಳಿಯುವಷ್ಟರಲ್ಲಿ ವಾಪಸು ಹೊರಡುವ ದಿನ ಬಂದಿರುತ್ತದೆ.)

ಆ ಒಂದು ದಿನವನ್ನು ಹೇಗೆ ಕಳೆಯಬೇಕು ಎಂಬಲ್ಲಿಯೇ ನನಗೂ ಪ್ರವಾಸದ ಏಜೆಂಟರಿಗೂ ಜಗಳ. ಅವರ ಪಟ್ಟಿಯಲ್ಲಿ ಪೆನಾ ಅರಮನೆ, ಮೂರಿಶ್ ಕೋಟೆ, ರೆಗಲೈರಾ ತೋಟ, ಯುರೋಪ್ ಭೂಖಂಡದ ಪಶ್ಚಿಮದ ತುದಿಯಾದ ಕಾಬೊ ದ ರೋಕಾ, ಕೊನೆಗೆ ಕಷ್ಕಾಯಿಶ್ ಕಡಲತೀರ, ಎಲ್ಲವೂ ಸಂಜೆಯೊಳಗೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿಗಳನ್ನು ಒಂದೇ ಹಗಲಲ್ಲಿ ಮುಗಿಸುವ ಟೆಂಪೊ ಟ್ರಾವೆಲರ್ ಭಕ್ತಿಯಂತೆ ಇದು. ದೇವರಾದರೂ ಕ್ಷಮಿಸಿಯಾನು, ಸಿಂತ್ರಾದ ಇಳಿಜಾರು ರಸ್ತೆಗಳು ಕ್ಷಮಿಸುವುದಿಲ್ಲ.

ಎರಡೇ ಅರಮನೆ ನೋಡಿ. ಎರಡೂ ನೀವು ಅಂದುಕೊಂಡಿರುವವಲ್ಲ.

ದಿನದ ಆಯ್ಕೆಯಿಂದ ಶುರುಮಾಡೋಣ. ಲಿಸ್ಬನ್ನಿನ ಬಹುಪಾಲು ವಸ್ತುಸಂಗ್ರಹಾಲಯಗಳಿಗೂ ಜೆರೋನಿಮೋಸ್ ಮಠಕ್ಕೂ ಸೋಮವಾರ ರಜೆ. ಸಿಂತ್ರಾ ಅರಮನೆಗಳಿಗೆ ಆ ರಜೆ ಇಲ್ಲ. ಹಾಗಾದರೆ ಸೋಮವಾರ ಸಿಂತ್ರಾಗೆ ಹೋಗೋಣ ಎಂಬ ಜಾಣತನ ನಿಮಗೊಬ್ಬರಿಗೇ ಹೊಳೆಯುವುದಲ್ಲ, ಊರಿಗೆ ಬಂದ ಪ್ರವಾಸಿಗರಿಗೆಲ್ಲ ಹೊಳೆದಿರುತ್ತದೆ. ಶನಿವಾರ, ಭಾನುವಾರ ಲಿಸ್ಬನ್ನಿಗರೇ ಬರುತ್ತಾರೆ. ಉಳಿಯುವುದು ವಾರದ ನಡುವಿನ ದಿನಗಳು. ತಿಂಗಳು ಕೇಳಿದರೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ. ಆಗಸ್ಟಿನಲ್ಲಿ ಬೇಡವೇ ಬೇಡ.

ಕಾರು ಬಾಡಿಗೆಗೆ ಹಿಡಿಯಬೇಡಿ. ಕುದುರೆ ಲಾಳದ ಆಕಾರದ ಬಾಗಿಲುಗಳುಳ್ಳ ರೋಸಿಯೊ ನಿಲ್ದಾಣದಿಂದ ಸಿಂತ್ರಾಗೆ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ನಿಲ್ದಾಣದಲ್ಲಿ ಇಳಿದ ಜನವೆಲ್ಲ ಬೆಟ್ಟ ಹತ್ತುವ 434ನೇ ನಂಬರಿನ ಬಸ್ಸಿಗೆ ಓಡುತ್ತದೆ. ಓಡಲಿ ಬಿಡಿ. ನೀವು ಮರಗಳ ನೆರಳಿನ ಬಳಸು ದಾರಿಯಲ್ಲಿ ಹತ್ತು ಹದಿನೈದು ನಿಮಿಷ ನಡೆಯಿರಿ. ತಿರುವಿನಲ್ಲಿ, ಕಣಿವೆಯ ಆಚೆ, ಎರಡು ದೈತ್ಯ ಬಿಳಿ ಶಂಕುಗಳು ಕಾಣಿಸುತ್ತವೆ. ಅವು ಊರೊಳಗಿನ ಹಳೆಯ ಅರಮನೆಯ ಅಡುಗೆಮನೆಯ ಚಿಮಣಿಗಳು, ಎತ್ತರ 33 ಮೀಟರ್. ಒಳಗೆ ಒಲೆಗಳ ನಡುವೆ ನಿಂತು ಕತ್ತೆತ್ತಿದರೆ ಶಂಕು ಕಿರಿದಾಗುತ್ತಾ ಹೋಗಿ ಮೇಲೆ ಬೆಳಕಿನ ಒಂದು ಬೊಟ್ಟು ಮಾತ್ರ ಉಳಿಯುತ್ತದೆ. ಬೇಟೆಗೆ ಹೋದ ರಾಜ ಹಿಂದಿರುಗುವಾಗ ಇಲ್ಲಿ ಎಷ್ಟು ಪ್ರಾಣಿಗಳು ಬೇಯುತ್ತಿದ್ದವೋ, ಸಸ್ಯಾಹಾರಿಗಳು ಲೆಕ್ಕ ಹಾಕದಿರುವುದೇ ಕ್ಷೇಮ.

ಹೊರಗಿನಿಂದ ಬಡಕಲಾಗಿ ಕಾಣುವ ಈ ಅರಮನೆಯೇ ನನ್ನ ಮೊದಲ ಆಯ್ಕೆ. ಪೋರ್ಚುಗಲ್ಲಿನ ರಾಜರು ಶತಮಾನಗಟ್ಟಲೆ ನಿಜವಾಗಿ ಬಾಳಿದ ಮನೆ ಇದು. ಒಬ್ಬೊಬ್ಬರೂ ಒಂದೊಂದು ಕೋಣೆ ಸೇರಿಸಿದ್ದಾರೆ, ಹಾಗಾಗಿ ಯಾವ ಕೋಣೆಯೂ ಇನ್ನೊಂದರ ಮಾತು ಕೇಳುವುದಿಲ್ಲ. ಒಂದು ಕೋಣೆಯ ಚಾವಣಿಯ ತುಂಬ ಕಾಗೆಯ ಕುಲದ, ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿಗಳು. ಒಂದನೇ ಜೊಆವೊ ರಾಜ ರಾಣಿಯ ಸಖಿಯೊಬ್ಬಳಿಗೆ ಮುತ್ತಿಡುವಾಗ ರಾಣಿಯ ಕಣ್ಣಿಗೇ ಬಿದ್ದನಂತೆ. ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದು ಅವನು ಸಮಜಾಯಿಷಿ ಕೊಟ್ಟ. ಅರಮನೆಯ ಹೆಂಗಸರು ಸುಮ್ಮನಿರಲಿಲ್ಲ, ಪಿಸುಮಾತು ಹಬ್ಬಿತು. ಸಿಟ್ಟಿಗೆದ್ದ ರಾಜ ಸಖಿಯರ ಸಂಖ್ಯೆಗೆ ಸರಿಯಾಗಿ 136 ಗಲಾಟೆ ಹಕ್ಕಿಗಳನ್ನು ಬರೆಸಿದನೆಂಬುದು ಕಥೆ. ಪ್ರತಿ ಹಕ್ಕಿಯ ಕೊಕ್ಕಿನಲ್ಲೂ ಅವನ ಅದೇ ಸಮಜಾಯಿಷಿ ಬರೆದ ಪಟ್ಟಿ ಇದೆ, ಕಾಲಲ್ಲೊಂದು ಗುಲಾಬಿ. ರಾಣಿ ಇಂಗ್ಲೆಂಡಿನ ಲಂಕಾಸ್ಟರ್ ಮನೆತನದ ಫಿಲಿಪ್ಪಾ. ಅವಳೇನಂದಳೋ ಯಾರೂ ಬರೆಸಿಲ್ಲ.

ಇನ್ನೊಂದು ಕೋಣೆಯಲ್ಲಿ ನಗು ನಿಲ್ಲುತ್ತದೆ. ಆರನೇ ಅಫೊನ್ಸೊನನ್ನು ತಮ್ಮ ಪೆದ್ರೊ ಅಧಿಕಾರದಿಂದ ಇಳಿಸಿದ, ಅವನ ಮದುವೆ ರದ್ದಾದ ಮೇಲೆ ಅವನ ರಾಣಿಯನ್ನೂ ತಾನೇ ಮದುವೆಯಾದ. ಪದಚ್ಯುತ ಅಣ್ಣ ಕೊನೆಯ ವರ್ಷಗಳನ್ನು ಈ ಕೋಣೆಯಲ್ಲಿ ಸೆರೆಯಾಗಿ ಕಳೆದು 1683ರಲ್ಲಿ ಸತ್ತ. ನೆಲದ ಹೆಂಚು ಸವೆದಿರುವುದು ಅವನು ಅತ್ತಿಂದಿತ್ತ ಶತಪಥ ಹಾಕಿದ್ದರಿಂದ ಎನ್ನುತ್ತಾರೆ.

ಎರಡನೇ ಅರಮನೆ ಕೆಲೂಷ್, ವಾಪಸಾಗುವ ಅದೇ ರೈಲು ಮಾರ್ಗದಲ್ಲಿ. ಕೆಲೂಷ್-ಬೆಲಾಸ್ ನಿಲ್ದಾಣದಲ್ಲಿ ಇಳಿದು ಸಾಧಾರಣ ಬಡಾವಣೆಯೊಂದನ್ನು ಹಾದು ನಡೆಯಬೇಕು. ಸಿಂತ್ರಾಗೆ ಹೋಗುವವರಲ್ಲಿ ಹೆಚ್ಚಿನವರು ಇಲ್ಲಿ ಇಳಿಯುವುದೇ ಇಲ್ಲ. 1747ರಲ್ಲಿ ಶುರುವಾದ ಈ ಬೇಸಿಗೆ ಮನೆಯ ತೋಟದಲ್ಲಿ ನೀಲಿ ಹೆಂಚುಗಳ ಗೋಡೆಯುಳ್ಳ ಕಾಲುವೆಯಿದೆ, ರಾಜಮನೆತನ ಅದರಲ್ಲಿ ದೋಣಿ ವಿಹಾರ ಮಾಡುತ್ತಿತ್ತು. ಒಳಗೆ ಡಾನ್ ಕಿಹೋಟೆಯ ಸಾಹಸಗಳನ್ನು ಚಿತ್ರಿಸಿದ ಮಲಗುವ ಕೋಣೆ. ಚೌಕದ ಕೋಣೆಯೇ ಆದರೂ ಕಂಬಗಳನ್ನು ದುಂಡಗೆ ನಿಲ್ಲಿಸಿರುವುದರಿಂದ ವೃತ್ತದಂತೆ ಕಾಣುತ್ತದೆ. ಬ್ರೆಜಿಲ್ಲಿನ ಮೊದಲ ಚಕ್ರವರ್ತಿ ಪೆದ್ರೊ 1798ರಲ್ಲಿ ಹುಟ್ಟಿದ್ದು ಈ ಕೋಣೆಯಲ್ಲಿ. ಪೋರ್ಚುಗಲ್ ಮತ್ತು ಬ್ರೆಜಿಲ್, ಎರಡೂ ಕಿರೀಟಗಳನ್ನು ಬಿಟ್ಟುಕೊಟ್ಟು, 1834ರಲ್ಲಿ ಮೂವತ್ತೈದರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡದ್ದೂ ಇದೇ ಕೋಣೆಯಲ್ಲಿ.

ಪೆನಾ ಬಿಟ್ಟು ಸಿಂತ್ರಾ ಎಂಥದ್ದು ಎಂದು ಕೇಳುವವರಿದ್ದಾರೆ. ಪೆದ್ರೊನ ಮಗಳನ್ನು ಮದುವೆಯಾದ ಫರ್ಡಿನಾಂಡ್ 1838ರಲ್ಲಿ ಬೆಟ್ಟದ ತುದಿಯ ಪಾಳುಬಿದ್ದ ಮಠವನ್ನು ಕೊಂಡು ಕಟ್ಟಿಸಿದ ಹಳದಿ, ಕೆಂಪು ಬಣ್ಣಗಳ ಅರಮನೆ ಅದು. ಫೋಟೊದಲ್ಲಿ ಅಪ್ಸರೆ, ಒಳಗೆ ಇಕ್ಕಟ್ಟು. ಒಳಾಂಗಣಕ್ಕೆ ಸಮಯ ನಮೂದಿಸಿದ ಟಿಕೆಟ್ ಮೊದಲೇ ಕೊಳ್ಳಬೇಕು. ಕೊಂಡ ಮೇಲೂ ಹಗ್ಗದ ನಡುವೆ ಮುಂದಿನವರ ಬೆನ್ನು ನೋಡುತ್ತಾ ಸಾಗಬೇಕು. ಮನಸ್ಸು ಕೇಳದಿದ್ದರೆ ಉದ್ಯಾನದ ಟಿಕೆಟ್ ಮಾತ್ರ ಪಡೆದು 528 ಮೀಟರ್ ಎತ್ತರದ ಕ್ರೂಜ್ ಆಲ್ತಾಗೆ ಹತ್ತಿ, ಅಲ್ಲಿಂದ ಅರಮನೆಯನ್ನು ನೋಡಿ. ಅದೂ ಅಟ್ಲಾಂಟಿಕ್ಕಿನ ಮಂಜು ಬಿಟ್ಟುಕೊಟ್ಟರೆ. ಲಿಸ್ಬನ್ನಿನಲ್ಲಿ ಬಿಸಿಲು ಸುಡುತ್ತಿರುವಾಗಲೂ ಈ ಬೆಟ್ಟ ಮುಸುಕು ಹೊದ್ದು ಕೂತಿರಬಹುದು, ಒಂದು ಸ್ವೆಟರ್ ಚೀಲದಲ್ಲಿರಲಿ. ಚಿಕ್ಕ ಮಕ್ಕಳಿದ್ದರೆ ಮಾತ್ರ ನನ್ನ ಪಟ್ಟಿ ಬದಲಾಗುತ್ತದೆ: ಅವರಿಗೆ ರೆಗಲೈರಾ ತೋಟದ 27 ಮೀಟರ್ ಆಳದ ಸುರುಳಿ ಮೆಟ್ಟಿಲ ಬಾವಿಯ ಮುಂದೆ ಯಾವ ಅರಮನೆಯೂ ಲೆಕ್ಕಕ್ಕಿಲ್ಲ.

ತಿಂಡಿಗೆ ಕೇಜಾದಾ: ತಾಜಾ ಚೀಸ್, ಸಕ್ಕರೆ, ಮೊಟ್ಟೆ, ದಾಲ್ಚಿನ್ನಿಯ ಪುಟ್ಟ ಬಟ್ಟಲು. ಮೊಟ್ಟೆ ತಿನ್ನದವರಿಗೆ ಪೋರ್ಚುಗಲ್ಲಿನ ಸಿಹಿತಿಂಡಿಗಳಲ್ಲಿ ಹೆಚ್ಚಿನ ಭರವಸೆ ಇಲ್ಲ.

ಲಿಸ್ಬನ್ ನಗರಕ್ಕೆ ಉಳಿದ ಎರಡು ದಿನ. 1755ರ ನವೆಂಬರ್ 1ರ ಭೂಕಂಪದಲ್ಲಿ ನೆಲಸಮವಾಗಿ, ಮತ್ತೆ ನೇರ ಬೀದಿಗಳಲ್ಲಿ ಎದ್ದ ಬೈಶಾ ಮತ್ತು ಅಂದು ಬಹುಮಟ್ಟಿಗೆ ಉಳಿದುಕೊಂಡ, ಓಣಿಗಳ ಗೋಜಲಿನ ಅಲ್ಫಾಮಾ ಎರಡನ್ನೂ ಒಂದೇ ದಿನ ನಡೆದು ನೋಡಿದರೆ ಊರಿನ ಚರಿತ್ರೆ ಕಾಲಿಗೇ ಗೊತ್ತಾಗುತ್ತದೆ. 28ನೇ ಟ್ರಾಮಿನಲ್ಲಿ ಜೇಬು ಜೋಪಾನ. ಪಾದಚಾರಿ ದಾರಿಗಳ ಸುಣ್ಣಕಲ್ಲು ಮಳೆಯಲ್ಲಿ ಜಾರುತ್ತದೆ, ಹೊಸ ಚಪ್ಪಲಿ ಮನೆಯಲ್ಲೇ ಇರಲಿ.

ಇನ್ನೊಂದು ದಿನ ಬೆಲೆಂಗೆ. ಅಲ್ಲಿನ ಜೆರೋನಿಮೋಸ್ ಮಠವನ್ನು ಕನ್ನಡಿಗರು ಬೇರೆ ಕಣ್ಣಿನಿಂದ ನೋಡಬೇಕು. ಕಲ್ಲನ್ನು ಕಸೂತಿಯಾಗಿಸಿದ ಆ ಕಂಬಗಳಿಗೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ತೆರಿಗೆಯಿಂದ. ಮಲಬಾರಿನ ಮೆಣಸು ಮಾತ್ರವಲ್ಲ, ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳಿಗೆ ಘಟ್ಟ ಇಳಿದು ಬರುತ್ತಿದ್ದ ಮೆಣಸಿನ ಮೇಲೂ ಪೋರ್ಚುಗೀಸರ ಕಣ್ಣಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರು ಇವರೇ. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವೆಯ ಮೇಲೆ ಬಿದ್ದಾಗ ಅವನಿಗೆ ನೆರವಾದವನು ಹೊನ್ನಾವರ ಸೀಮೆಯ ತಿಮ್ಮಯ್ಯ. ಮಠದ ಇಗರ್ಜಿಯೊಳಗೆ ವಾಸ್ಕೊ ಡ ಗಾಮನ ಸಮಾಧಿ ಇದೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು ಅವನು.

ಪಕ್ಕದ ಬೆಲೆಂ ಗೋಪುರದೊಳಗೆ ಹತ್ತಲು ಸಾಲು ನಿಲ್ಲಬೇಡಿ. ಹೊರಗಿನಿಂದ ಕಾವಲು ಗೂಡುಗಳ ಬುಡವನ್ನು ಒಂದೊಂದಾಗಿ ನೋಡುತ್ತಾ ಹೋದರೆ ಸವೆದುಹೋದ ಖಡ್ಗಮೃಗದ ತಲೆಯೊಂದು ಸಿಗುತ್ತದೆ. ಗುಜರಾತಿನ ಸುಲ್ತಾನ ಕೊಟ್ಟು, ಗೋವೆಯಿಂದ ಹಡಗು ಹತ್ತಿ, 1515ರಲ್ಲಿ ಲಿಸ್ಬನ್ನಿಗೆ ಬಂದಿಳಿದ ಪ್ರಾಣಿಯ ನೆನಪು ಅದು. ನೋಡಲು ಟಿಕೆಟ್ ಬೇಕಿಲ್ಲ.