ಸಾರಥಿಯ ಬಾಯಿ: ಮೂಡಲಪಾಯದಲ್ಲಿ ಆಶುಮಾತಿನ ಜಾಗ

ಮೂಡಲಪಾಯ ಬಯಲಾಟದಲ್ಲಿ ರಾಜನ ಮಾತು ಬಾಯಿಪಾಠ. ಪಾತ್ರಗಳನ್ನು ಮಾತಾಡಿಸಿ ನಗಿಸುವ ಸಾರಥಿಯ ಮಾತು ಹುಟ್ಟುವುದು ಅಟ್ಟದ, ಅಂದರೆ ರಂಗದ, ಮೇಲೆ. ತುಮಕೂರು, ಹಾಸನ, ಮಂಡ್ಯ ಸೀಮೆಗಳಲ್ಲಿ ಬೇರೂರಿರುವ ಈ ಆಟಕ್ಕೆ ಮಂಡ್ಯದ ನಾಗಮಂಗಲ ತಾಲ್ಲೂಕು ಹಳೆಯ ನೆಲೆ. ಕರಾವಳಿಯ ಯಕ್ಷಗಾನವಾದ ಪಡುವಲಪಾಯದಿಂದ ಬೇರೆಮಾಡಿ ತೋರಿಸಲು ವಿದ್ವಾಂಸರು ಬಳಸಿದ ಹೆಸರು ‘ಮೂಡಲಪಾಯ’. ಊರವರಿಗೆ ಅದು ಬರೀ ಆಟ.

ವೇಷ ಕಟ್ಟುವವರು ಬೇಸಾಯಗಾರರು. ಸುಗ್ಗಿ ಕಳೆದ ಮೇಲೆ, ಹಾಡಿ ಆಟ ನಡೆಸುವ ಭಾಗವತರ ಮುಂದೆ ಕೂತು ಪದ, ಕುಣಿತ, ಗದ್ಯದ ಮಾತು ಎಲ್ಲವನ್ನೂ ತಿಂಗಳುಗಟ್ಟಲೆ ಉರು ಹೊಡೆಯುತ್ತಾರೆ. ಸಂಸ್ಕೃತ ಸಮಾಸಗಳಿಂದ ಭಾರವಾದ ಆ ಗದ್ಯವನ್ನು ನಿಂತಲ್ಲೇ ಕಟ್ಟುವುದು ಅವರ ಕೆಲಸವಲ್ಲ. ಪಡುವಲಪಾಯದ ರೀತಿಯೇ ಬೇರೆ. ವೇಷವಿಲ್ಲದೆ ಕೂತು ಮಾತಾಡುವ ಅಲ್ಲಿನ ತಾಳಮದ್ದಳೆಯಲ್ಲಿ ಮಾತುಗಾರನಾದ ಅರ್ಥಧಾರಿಗೆ ಪದ್ಯವೊಂದೇ ಆಧಾರ. ಎದುರಾಳಿಯ ವಾದ ಕೇಳಿ ಮರುಮಾತು ಹೂಡಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ಆ ಬಗೆಯ ಅರ್ಥಗಾರಿಕೆಯಿಂದ. ಈ ಅಳತೆಗೋಲನ್ನೇ ಮೂಡಲಪಾಯಕ್ಕೂ ಹಿಡಿದು, ಅದರಲ್ಲಿ ಆಶುತ್ವವಿಲ್ಲ ಎನ್ನುವುದು ಅವಸರದ ತೀರ್ಪು.

ಆಶುತ್ವವೆಲ್ಲ ಒಬ್ಬನ ಪಾಲಿಗೆ ಬಿಟ್ಟದ್ದೇ ಇಲ್ಲಿನ ವಿಶೇಷ. ಪಾತ್ರ ಅಟ್ಟ ಹತ್ತಿದೊಡನೆ ಸಾರಥಿ ಎದುರು ನಿಂತು, ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ದೊರೆ ತನ್ನ ಬಿರುದಾವಳಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಅದನ್ನೇ ಸಾರಥಿ ಊರಗನ್ನಡಕ್ಕೆ ಇಳಿಸುತ್ತಾನೆ: ದೊರೆಯ ಸಿಂಹಾಸನ ಪಟೇಲರ ಜಗಲಿಯಾಗುತ್ತದೆ, ಕಪ್ಪಕಾಣಿಕೆ ಕಂದಾಯದ ಬಾಕಿಯಾಗುತ್ತದೆ. ಕೇರಳದ ಕೂಡಿಯಾಟ್ಟಂನ ವಿದೂಷಕ ಸಂಸ್ಕೃತ ಶ್ಲೋಕವನ್ನು ಮಲಯಾಳದಲ್ಲಿ ಬೆಳೆಸುವುದೂ ಹೆಚ್ಚುಕಡಿಮೆ ಇದೇ ಕೆಲಸ. ನಾಗಮಂಗಲ ಕಡೆಯ ತೊಗಲುಗೊಂಬೆಯಾಟದಲ್ಲಿ ಇದು ಹಾಸ್ಯಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕರ ಪಾಲು. ಸಾರಥಿಗೆ ಬೇರೆ ಹೊಣೆಗಳೂ ಉಂಟು. ಮಾತು ಮರೆತವನಿಗೆ ಎಳೆ ಕೊಡಬೇಕು, ವೇಷ ತಡವಾದರೆ ಹೊತ್ತು ಕಳೆಯಬೇಕು, ನಡುರಾತ್ರಿ ತೂಕಡಿಸುವವರನ್ನು ಎಬ್ಬಿಸಬೇಕು. ಉಳಿದವರು ಪಾಠಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದಲೇ ಅವನ ಸಡಿಲಿಕೆ ಎದ್ದು ಕಾಣುತ್ತದೆ; ಎಲ್ಲರೂ ಬಾಯಿಗೆ ಬಂದದ್ದು ಆಡಿದರೆ ಸಾರಥಿಗೆ ಕೆಲಸವಿಲ್ಲ.

ಹಾಗೆಂದು ಸಾರಥಿ ಆಡಿದ್ದೆಲ್ಲ ಆ ಗಳಿಗೆಯ ಸೃಷ್ಟಿಯಲ್ಲ. ಅವನ ಚೀಲದಲ್ಲಿ ಹಳೆಯ ನಗೆಮಾತುಗಳ ದಾಸ್ತಾನಿರುತ್ತದೆ. ಯಾವುದನ್ನು ಯಾವಾಗ ತೆಗೆಯಬೇಕೆಂಬುದರಲ್ಲೇ ಜಾಣತನ. ಚೀಲ ಬರಿದಾದವನು ಹೆಂಗಸರನ್ನೂ ಜಾತಿಯನ್ನೂ ಹಂಗಿಸಿ ನಗಿಸುತ್ತಾನೆ, ಆ ನಗೆಯನ್ನು ಸಂಪ್ರದಾಯದ ಹೆಸರಿನಲ್ಲಿ ಕಾಪಾಡಬೇಕಾದ್ದಿಲ್ಲ.

ಪ್ರಸಂಗಗಳು ಅಚ್ಚಿಗೆ ಇಳಿದಾಗ ಸಾರಥಿಯ ಮಾತಿನ ಈ ಪಾಲು ಹೊರಗುಳಿಯಿತು. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯ ಮೂಡಲಪಾಯದ ಕೃತಿಗಳನ್ನು ಸಂಗ್ರಹಿಸಿ ಸಂಪಾದಿಸಿದರು. ಇಲ್ಲಿಯವರೇ ಆದ ಎಚ್.ಎಲ್. ನಾಗೇಗೌಡರು (1915–2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಇವರಿಬ್ಬರಿಲ್ಲದಿದ್ದರೆ ಎಷ್ಟೋ ಅಳಿಯುತ್ತಿತ್ತು. ಆದರೆ ‘ಕರಿಭಂಟನ ಕಾಳಗ’ದಂಥ ಪ್ರಸಂಗದ ಪದ ಪುಸ್ತಕದಲ್ಲಿ ನಿಲ್ಲಬಹುದು, ಒಂದು ರಾತ್ರಿ ಒಂದು ಊರಿಗೆ ಮಾತ್ರ ಅರ್ಥವಾಗುವ ಚಟಾಕಿ ನಿಲ್ಲುವುದಿಲ್ಲ. ಓದಿಯಷ್ಟೇ ಬಲ್ಲವರಿಗೆ ಮೂಡಲಪಾಯ ಬಿಗುಮಾನದ ಕಲೆಯಾಗಿ ಕಾಣುವುದು ಇದರಿಂದ. ಭಾಗವತರ ಕಲಿಕೆಗೆ ಒಂದು ಕ್ರಮವಿದೆ. ಸಾರಥಿ ಮಾತ್ರ ಹಿಂದಿನವನ ಬೆನ್ನ ಹಿಂದೆ ನಿಂತು ನೋಡಿ ಕಲಿಯಬೇಕು; ಆಟಗಳು ಕಡಿಮೆಯಾದಂತೆ ಮೊದಲು ತುಂಡಾಗುವುದು ಈ ಸರಪಳಿ.

ಮಂಡ್ಯದ ಹಳ್ಳಿಗಳಲ್ಲಿ ಈಗ ಬಯಲಾಟಕ್ಕಿಂತ ಹೆಚ್ಚು ಕಾಣುವುದು ಸೀನರಿ ಕಟ್ಟಿದ ‘ಕುರುಕ್ಷೇತ್ರ’ ನಾಟಕ. ಅಲ್ಲಿ ಸಾರಥಿಯಿಲ್ಲ, ಭಾಗವತರ ಜಾಗದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಆಶುತ್ವ ಮಾತನ್ನು ಬಿಟ್ಟು ರಾಗಕ್ಕೆ ಸರಿದಿದೆ: ಕಂದಪದ್ಯಕ್ಕೆ ಮುನ್ನ ಎಷ್ಟು ಹೊತ್ತು ಆಲಾಪ ಎಳೆಯಬೇಕೆಂಬುದನ್ನು ಪಾತ್ರಧಾರಿಯ ಗಂಟಲು, ಮೇಷ್ಟ್ರ ಬೆರಳು, ಮುಂದೆ ಕೂತವರ ‘ಒನ್ಸ್ ಮೋರ್’ ಸೇರಿ ತೀರ್ಮಾನಿಸುತ್ತವೆ.