ಭಯವೊಂದೇ ಕಾರಣವೇ?

ಬ್ಯಾಂಕಿನಲ್ಲಿ ಖಾತೆ ತೆರೆದವನಿಗೆ ಉಡುಗೊರೆಯಾಗಿ ಒಂದು ಬಂದೂಕು! ಅಮೆರಿಕದ ಮಿಷಿಗನ್ ರಾಜ್ಯದ ಈ ದೃಶ್ಯ ಮೈಕೆಲ್ ಮೂರ್ ಅವರ 'ಬೌಲಿಂಗ್ ಫಾರ್ ಕೊಲಂಬೈನ್' (2002) ಸಾಕ್ಷ್ಯಚಿತ್ರದ ಆರಂಭದಲ್ಲಿದೆ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 13 ಮಂದಿಯನ್ನು ಗುಂಡಿಕ್ಕಿ ಕೊಂದರು. ಅಮೆರಿಕದಲ್ಲೇ ಏಕೆ ಹೀಗಾಗುತ್ತದೆ ಎಂಬುದು ಚಿತ್ರದ ಪ್ರಶ್ನೆ. 2003ರಲ್ಲಿ ಆಸ್ಕರ್ ಗೆದ್ದ ಈ ಚಿತ್ರವನ್ನು ಇಂದು ಮತ್ತೆ ನೋಡಿದರೆ, ಅದು ಕೊಡುವ ಉತ್ತರ ಅರ್ಧ ಮಾತ್ರ ಎಂದು ನಮಗನಿಸುತ್ತದೆ.

ಮೂರ್ ನೆರೆಯ ಕೆನಡಾಕ್ಕೆ ಹೋಗುತ್ತಾರೆ. ಅಲ್ಲಿಯೂ ಮನೆಗಳಲ್ಲಿ ಬಂದೂಕುಗಳಿವೆ. ಆದರೆ ಟೊರೊಂಟೊದಲ್ಲಿ ಅವರು ತಳ್ಳಿದ ಬಾಗಿಲುಗಳಿಗೆ ಬೀಗವಿಲ್ಲ, ಕೊಲೆಗಳೂ ಕಡಿಮೆ. ಹಾಗಾದರೆ ಕೊಲ್ಲುವುದು ಬಂದೂಕಲ್ಲ, ಟಿ.ವಿ. ಮತ್ತು ರಾಜಕಾರಣ ಬಿತ್ತಿದ ಭಯ ಎಂಬುದು ಅವರ ತೀರ್ಮಾನ. ಕನ್ನಡಿಗರಿಗೆ ಈ ಮಾತು ಬೇಗ ಅರ್ಥವಾದೀತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಅಲ್ಲಿ ಕೋವಿ ಹಬ್ಬದ ದಿನ ಪೂಜೆಗೊಳ್ಳುವ ಮನೆತನದ ವಸ್ತು.

ಚಿತ್ರ ಒಂದು ವರ್ಷದ ಬಂದೂಕು ಸಾವುಗಳ ಪಟ್ಟಿಯನ್ನೂ ಮುಂದಿಡುತ್ತದೆ: ಜಪಾನ್ 39, ಆಸ್ಟ್ರೇಲಿಯಾ 65, ಕೆನಡಾ 165, ಅಮೆರಿಕ 11,127. ಆಯಾ ದೇಶದ ಜನಸಂಖ್ಯೆ ಎಷ್ಟೆಂದು ಮಾತ್ರ ಹೇಳುವುದಿಲ್ಲ. ಇದು ದೊಡ್ಡ ಲೋಪ. ಆಗ ಅಮೆರಿಕದಲ್ಲಿ ಕೆನಡಾದ ಸುಮಾರು ಒಂಬತ್ತು ಪಟ್ಟು ಜನರಿದ್ದರು. ಆ ಲೆಕ್ಕ ಹಿಡಿದರೂ ಅಮೆರಿಕದ ಸಾವುಗಳು ಕೆನಡಾದ ಏಳು ಪಟ್ಟಿಗೂ ಹೆಚ್ಚು. ಪ್ರಾಮಾಣಿಕ ಲೆಕ್ಕವೇ ಅವರ ವಾದಕ್ಕೆ ಸಾಕಾಗಿತ್ತು.

ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕಾನೂನಿನ ವ್ಯತ್ಯಾಸಕ್ಕೆ ಚಿತ್ರ ತಕ್ಕ ಬೆಲೆ ಕೊಡದಿರುವುದು. ಕೆನಡಾದಲ್ಲಿ 1934ರಿಂದಲೇ ಪಿಸ್ತೂಲುಗಳ ನೋಂದಣಿ ಕಡ್ಡಾಯ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಹತರಾದ ಬಳಿಕ, 'ಆತ್ಮರಕ್ಷಣೆ' ಎಂಬುದು ಬಂದೂಕು ಪಡೆಯಲು ತಕ್ಕ ಕಾರಣವಲ್ಲ ಎಂದು ಆಸ್ಟ್ರೇಲಿಯಾ ನಿಗದಿಪಡಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ತದ್ವಿರುದ್ಧವಾಗಿ 2008ರಲ್ಲಿ ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಹಕ್ಕು ಎಂದಿತು; 2022ರಲ್ಲಿ ಅದನ್ನು ಮನೆಯ ಹೊರಗೂ ವಿಸ್ತರಿಸಿತು.

ಭಯಕ್ಕೆ ಕಾನೂನಿನ ಬೆಂಬಲ ಸಿಕ್ಕರೆ ಏನಾದೀತು? ಫ್ಲೋರಿಡಾ 2005ರಲ್ಲಿ, ಅಪಾಯ ಕಂಡಾಗ ಹಿಂದೆ ಸರಿಯಬೇಕಾಗಿಲ್ಲ ಎಂಬ ಕಾನೂನು ತಂದಿತು. 2012ರಲ್ಲಿ ಅಲ್ಲಿ 17ರ ನಿರಾಯುಧ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್ ಗುಂಡಿಗೆ ಬಲಿಯಾದ. ಆತ್ಮರಕ್ಷಣೆಗಾಗಿ ಹೊಡೆದೆ ಎಂದ ಆರೋಪಿ ಮರುವರ್ಷ ಖುಲಾಸೆಯಾದ. ಯಾರನ್ನು ಸಮಾಜ ಅನುಮಾನದಿಂದ ನೋಡುತ್ತದೋ ಅವರೇ ಇಂಥ ಕಾನೂನಿಗೆ ಮೊದಲು ಬಲಿಯಾಗುತ್ತಾರೆ. ಅನುಮಾನದ ನೋಟ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆತ್ಮರಕ್ಷಣೆಯ ಹಕ್ಕನ್ನು ನಾವು ಅಲ್ಲಗಳೆಯುತ್ತಿಲ್ಲ. ಭಾರತೀಯ ನ್ಯಾಯ ಸಂಹಿತೆಯೂ (34ರಿಂದ 44ನೇ ಕಲಮುಗಳು) ಅದನ್ನು ಮಾನ್ಯ ಮಾಡಿದೆ. ಆದರೆ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿಯೂ ಅದರಲ್ಲಿದೆ. ಪ್ರಾಣ ಉಳಿಸಿಕೊಳ್ಳುವ ಹಕ್ಕು ಬೇರೆ, ಆಯುಧ ಹೊಂದುವ ಹಕ್ಕು ಬೇರೆ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿ ಹತರಾದರು. ಹಂತಕನ ಬಳಿ ಬಂದೂಕಿನ ಪರವಾನಗಿ ಇತ್ತು. ತಿಂಗಳು ತುಂಬುವ ಮೊದಲೇ ಅಲ್ಲಿನ ಸಂಸತ್ತು 119 ಮತಗಳಿಂದ, ಒಂದೇ ಒಂದು ವಿರೋಧದೊಂದಿಗೆ, ಬಹುತೇಕ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಜನರ ಮನಸ್ಸಿನ ದ್ವೇಷ ಅದರಿಂದ ಅಳಿದಿರಲಿಕ್ಕಿಲ್ಲ. ಆದರೆ ದ್ವೇಷದ ಕೈಗೆ ಏನು ಸಿಗಬಾರದು ಎಂಬುದನ್ನು ಒಂದು ಸರಕಾರ ನಿರ್ಧರಿಸಬಲ್ಲದು. ಮೂರ್ ಅವರ ಚಿತ್ರ ನೋಡಲೇಬೇಕಾದದ್ದು. ನೋಡಿದ ಮೇಲೆ ಈ ಮಾತನ್ನೂ ನಾವು ಅದಕ್ಕೆ ಸೇರಿಸಿಕೊಳ್ಳಬೇಕು.