ಉಚಿತ ಪಾಠ ಯಾರ ಭಾಷೆಯಲ್ಲಿ?

ಅಮೆರಿಕದ ಎಂಐಟಿ 2001ರಲ್ಲಿ ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಕೊಡುವುದಾಗಿ ಸಾರಿತು. 2003ರಲ್ಲಿ ನಮ್ಮ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಆರಂಭಿಸಿದವು. 2017ರಲ್ಲಿ ಕೇಂದ್ರ ಸರಕಾರದ ‘ಸ್ವಯಂ’ ಬಂತು. ಒಳ್ಳೆಯದೇ. ಆದರೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ, ಪಿಯುಸಿಗೇ ಓದು ನಿಲ್ಲಿಸಿದ ಹುಡುಗಿ ಮೊಬೈಲಿನಲ್ಲಿ ಇವನ್ನು ತೆರೆದರೆ ಎದುರಾಗುವುದು ಬಹುಪಾಲು ಇಂಗ್ಲಿಷ್. ಈಚೆಗೆ ಕೆಲವು ಕನ್ನಡಕ್ಕೂ ಬಂದಿವೆ, ಆದರೆ ಅವು ಹೆಚ್ಚಾಗಿ ಎಂಜಿನಿಯರಿಂಗ್ ಪಾಠಗಳು. ಅವಳಿಗೆ ಬೇಕಾದದ್ದು ಬಿ.ಎ. ಇತಿಹಾಸ.

ನಾವು ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲೇ ಕಲಿತವರು. ಹಾಗಾಗಿ ಒಂದು ವಿಚಿತ್ರ ನಮ್ಮ ಕಣ್ಣಿಗೆ ಬೀಳುತ್ತದೆ. 1998ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ತನ್ನ ದೂರಶಿಕ್ಷಣದ ಪುಸ್ತಕಗಳನ್ನು ಜಾಲದಲ್ಲಿಟ್ಟಿದೆ. ಇಗ್ನೋದ ‘ಇ-ಜ್ಞಾನಕೋಶ’ದಲ್ಲಿ ಹಿಂದಿ ಪಾಠಗಳು ಧಾರಾಳವಾಗಿವೆ. ಟಿ. ನರಸೀಪುರದಲ್ಲಿ ಉರ್ದು ಓದಬಲ್ಲ ಹುಡುಗನಿಗೆ ಮನೆಯಲ್ಲೇ ಪದವಿಯ ಪಾಠ ಸಿಗುತ್ತದೆ. ಪಕ್ಕದ ಮನೆಯ ಕನ್ನಡದ ಹುಡುಗನಿಗೆ, ಕನ್ನಡದ ನೆಲದಲ್ಲೇ, ಅದು ಅಷ್ಟು ಸಲೀಸಲ್ಲ.

ಕನ್ನಡದಲ್ಲಿ ಪಾಠಗಳೇ ಇಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಷ್ಟು ಹಳೆಯದು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಪುಸ್ತಕಗಳು ಮೇಷ್ಟ್ರಿಲ್ಲದೆ ಓದುವವರಿಗೆಂದೇ ಬರೆದವು. 2015ರಲ್ಲಿ ಯುಜಿಸಿ, 2012-13ರ ಆಚೆಗೆ ಮಾನ್ಯತೆಯಿಲ್ಲ ಎಂದಾಗ ಎಷ್ಟೋ ಬಡವರ ಮಕ್ಕಳ ಪದವಿ ಅತಂತ್ರವಾಯಿತು. 2018ರಲ್ಲಿ ಮಾನ್ಯತೆ ಮರಳಿತು. ಆ ನಡುವೆಯೂ ಕೈಯಲ್ಲಿದ್ದ ಪುಸ್ತಕದೊಳಗಿನ ಪಾಠ ಪಾಠವಾಗಿಯೇ ಇತ್ತು. ಈ ಪುಸ್ತಕಗಳು ಹೆಸರು ನೋಂದಾಯಿಸಿದವರಿಗೆ ಮಾತ್ರ ಯಾಕೆ?

ದಾರಿ ತೋರಿಸಿದ್ದೂ ಮೈಸೂರೇ. 1930ರ ದಶಕದಲ್ಲೇ ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಅವು ಅಗ್ಗದ ಕಿರುಹೊತ್ತಗೆಗಳಾದವು. 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಅದೇ ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು, ಮರುಮುದ್ರಿಸಬಹುದು. ಸುಮ್ಮನೆ ಪುಟಗಳ ಫೋಟೋ ತೆಗೆದು ಜಾಲಕ್ಕೇರಿಸುವುದಕ್ಕೂ ಇದಕ್ಕೂ ಬಹಳ ಅಂತರ. ಫೋಟೋದಲ್ಲಿ ಪದ ಹುಡುಕಲಾಗದು, ಕಣ್ಣಿಲ್ಲದವರಿಗೆ ಕಂಪ್ಯೂಟರ್ ಅದನ್ನು ಓದಿ ಹೇಳದು.

ಮುಕ್ತ ವಿಶ್ವವಿದ್ಯಾನಿಲಯದ ಪುಸ್ತಕಗಳಿಗೂ ಇದೇ ಪರವಾನಗಿ ಸಿಕ್ಕರೆ, ನಂಜನಗೂಡಿನ ಸರಕಾರಿ ಕಾಲೇಜಿನ ಉಪನ್ಯಾಸಕರೊಬ್ಬರು ಅರ್ಥಶಾಸ್ತ್ರದ ಒಂದು ಘಟಕ ತೆಗೆದುಕೊಂಡು, ಕಪಿಲೆಯ ನಾಲೆ ನೀರಿನ ಉದಾಹರಣೆ ಸೇರಿಸಿ, ಜೆರಾಕ್ಸ್ ಮಾಡಿಸಿ ಹಂಚಬಹುದು. ಬರೆದವರ ಒಪ್ಪಿಗೆ ಬೇಕು, ನಿಜ. ಹೊಸ ಪುಸ್ತಕಗಳ ಕರಾರಿನಲ್ಲೇ ಅದನ್ನು ಸೇರಿಸಲಿ. ಹಳೆಯವಕ್ಕೆ ಲೇಖಕರಿಗೋ ವಾರಸುದಾರರಿಗೋ ಒಂದೊಂದು ಕಾಗದ ಬರೆದು ಕೇಳಲಿ.